ಗುಳಿಗೆಯ ಹಾರ್ಮೋನು ಮಣ್ಣಲ್ಲಿ ಏನಾಗುತ್ತೆ? ಬಿನ್ನಿಪೇಟೆ ಮೋರಿಯಿಂದ ಬೈರಮಂಗಲದ ಗದ್ದೆವರೆಗೆ

ಬಿನ್ನಿಪೇಟೆಯ ಬಚ್ಚಲು, ಕಕ್ಕಸಿನ ನೀರು ಇಳಿಜಾರು ಹಿಡಿದು ಹೋಗೋದು ವೃಷಭಾವತಿ ಕಣಿವೆಗೆ. ಒಂದಷ್ಟು ಪೈಪಿನಲ್ಲಿ ಶುದ್ಧೀಕರಣ ಘಟಕಕ್ಕೆ, ಉಳಿದದ್ದು ರಾಜಕಾಲುವೆ ಸೇರಿ ನೇರ ನದಿಗೆ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುವ ಈ ನೀರಲ್ಲೇ ದಶಕಗಳಿಂದ ಭತ್ತ, ಬೇಬಿ ಕಾರ್ನ್, ಮೇವಿನ ಹುಲ್ಲು ಬೆಳೀತಿದ್ದಾರೆ. ನೊರೆ, ವಾಸನೆ, ಭಾರಲೋಹ ಬೇಕಾದಷ್ಟು ಸಲ ಸುದ್ದಿಯಾಗಿವೆ. ಹಾರ್ಮೋನು ಆಗಿಲ್ಲ, ಯಾಕಂದ್ರೆ ಅದಕ್ಕೆ ನೊರೆಯೂ ಇಲ್ಲ, ವಾಸನೆಯೂ ಇಲ್ಲ.

ಮುಖ್ಯವಾದದ್ದು ಎಥಿನೈಲ್ ಈಸ್ಟ್ರಡಯಾಲ್, ಗರ್ಭನಿರೋಧಕ ಗುಳಿಗೆಯಲ್ಲಿರುವ ಕೃತಕ ಈಸ್ಟ್ರೋಜೆನ್. ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್ ಗುಳಿಗೆಯೊಂದರಲ್ಲಿ ಇದು 0.03 ಮಿಲಿಗ್ರಾಂ ಇರುತ್ತೆ. ದೇಹ ಇದರ ಒಂದು ಭಾಗಕ್ಕೆ ಸಕ್ಕರೆಯಂಥ ಅಣು ಅಂಟಿಸಿ, ನಿಷ್ಕ್ರಿಯ ಮಾಡಿ ಹೊರಹಾಕುತ್ತೆ. ಆದರೆ ಮೋರಿಯ ಇ-ಕೊಲೈ ಬ್ಯಾಕ್ಟೀರಿಯಾ ಆ ಅಂಟನ್ನು ಬಿಡಿಸಿಬಿಡುತ್ತೆ. ಹಾರ್ಮೋನು ಮತ್ತೆ ಚುರುಕಾಗುತ್ತೆ.

ನಮ್ಮ ದೇಹದಲ್ಲೇ ತಯಾರಾಗುವ ಈಸ್ಟ್ರಡಯಾಲ್ ಮಣ್ಣಿಗೆ ಬಿದ್ದರೆ ಬೇಗ ಈಸ್ಟ್ರೋನ್ ಆಗುತ್ತೆ, ಆಮೇಲೆ ಸೂಕ್ಷ್ಮಜೀವಿಗಳು ಅದನ್ನೂ ತಿಂದು ಮುಗಿಸುತ್ತವೆ. ಈ ಬದಲಾವಣೆ ಶುರುವಾಗೋದು ಅಣುವಿನ 17ನೇ ಇಂಗಾಲದಲ್ಲಿ. ಕೃತಕ ಹಾರ್ಮೋನಿನಲ್ಲಿ ಅದೇ ಜಾಗಕ್ಕೆ ಎಥಿನೈಲ್ ಅನ್ನೋ ಬೀಗ ಬಿದ್ದಿದೆ. ಯಕೃತ್ತು ಬೇಗ ಒಡೆಯದಿರಲಿ ಅಂತ ಹಾಕಿದ ಬೀಗವೇ ಮಣ್ಣಲ್ಲೂ ಅಡ್ಡ ಬರುತ್ತೆ.

ಹಾಗಂತ ಬೀಗ ಒಡೆಯೋದೇ ಇಲ್ಲ ಅಂತಲ್ಲ. ಕೆನಡಾದ ಕೃಷಿ ಮಣ್ಣಿನ ಪ್ರಯೋಗದಲ್ಲಿ, ಹದವಾದ ತೇವ ಮತ್ತು 30 ಡಿಗ್ರಿ ಶಾಖದಲ್ಲಿ ಸುಮಾರು 3 ದಿನಕ್ಕೆ ಅರ್ಧ ಕರಗಿತು. 4 ಡಿಗ್ರಿಯಲ್ಲಿ ಸುಮಾರು 8 ದಿನ ಬೇಕಾಯ್ತು. ಮಣ್ಣನ್ನು ಬೇಯಿಸಿ ಜೀವಿಗಳನ್ನು ಕೊಂದಾಗ ಹಾರ್ಮೋನು ಹಾಗೇ ಉಳಿಯಿತು. ಅಂದರೆ ಕೆಲಸ ಜೀವಿಗಳದ್ದು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಪಾಲಿದೆ. ಇವುಕ್ಕೆ ಉಸಿರಾಡೋಕೆ ಆಮ್ಲಜನಕ ಬೇಕು.

ನಮ್ಮ ತೊಂದರೆ ಇರೋದೇ ಇಲ್ಲಿ. ಶಾಖದ ವಿಷಯದಲ್ಲಿ ನಾವು ಅದೃಷ್ಟವಂತರು, ಗಾಳಿಯ ವಿಷಯದಲ್ಲಿ ಅಲ್ಲ. ಆಸ್ಟ್ರೇಲಿಯಾದಲ್ಲಿ ಆಮ್ಲಜನಕವಿಲ್ಲದ ಅಂತರ್ಜಲ ಪದರದ ಮಣ್ಣಲ್ಲಿಟ್ಟ ಇದೇ ಹಾರ್ಮೋನು 70 ದಿನವಾದರೂ ಕರಗಲಿಲ್ಲ. ನೀರು ನಿಂತ ಗದ್ದೆ, ಕೊಳಚೆಯ ಹೂಳು ತುಂಬಿದ ಕೆರೆಯಂಗಳ ಅಂಥದ್ದೇ ಜಾಗಗಳು. ಹೂಳಿನ ಸಾವಯವ ಅಂಶಕ್ಕೆ ಹಾರ್ಮೋನು ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ನೀರಿನ ಪರೀಕ್ಷೆಯಲ್ಲಿ ಕಡಿಮೆ ಕಾಣುತ್ತೆ. ಅಂಟಿಕೊಂಡಿದೆ ಅಂದ್ರೆ ಕರಗಿದೆ ಅಂತಲ್ಲ.

ಎಷ್ಟಿದ್ದರೆ ಅಪಾಯ? ಕೆನಡಾದ ಒಂಟಾರಿಯೊದಲ್ಲಿ 2001ರಿಂದ 2003ರವರೆಗೆ ಒಂದು ಕೆರೆಗೆ ಲೀಟರಿಗೆ 5-6 ನ್ಯಾನೊಗ್ರಾಂನಷ್ಟು ಹಾಕಿದರು. ಗಂಡು ಮೀನುಗಳು ಹೆಣ್ಣಿನ ಲಕ್ಷಣ ತೋರಿದವು, ಒಂದು ಜಾತಿಯ ಮೀನಿನ ಸಂತತಿಯೇ ಕುಸಿಯಿತು.

ಇದನ್ನೋದಿ ಗುಳಿಗೆ ನುಂಗೋ ಹೆಂಗಸರ ಮೇಲೆ ತಪ್ಪು ಹೊರಿಸೋರೂ ಇರ್ತಾರೆ. ತೂಕದ ಲೆಕ್ಕದಲ್ಲಿ ಕೊಳಚೆಯ ಈಸ್ಟ್ರೋಜೆನ್‌ನಲ್ಲಿ ದೊಡ್ಡ ಪಾಲು ಸಹಜವಾದದ್ದು, ಗಂಡಸರ ಮೂತ್ರದಲ್ಲೂ ಇರುವಂಥದ್ದು. ಪ್ರಶ್ನೆ ಕೇಳಬೇಕಿರೋದು ಘಟಕ ನಡೆಸುವವರನ್ನು. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕೊಳಚೆ ಘಟಕಗಳ ಮಾನದಂಡದಲ್ಲಿ ಹಾರ್ಮೋನಿನ ಹೆಸರೇ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಎರಡು ಹಂತ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಿದೆ. ಮೂರನೇ ಹಂತ ಬೇಕು ಅಂತ ಅಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಸ್ವಿಟ್ಜರ್ಲೆಂಡ್ 2016ರಲ್ಲೇ ಆಯ್ದ ಘಟಕಗಳಿಗೆ ಓಝೋನ್ ಅಥವಾ ಸಕ್ರಿಯ ಇಂಗಾಲದಂಥ ಹೆಚ್ಚುವರಿ ಹಂತ ಕಡ್ಡಾಯ ಮಾಡಿತು. ಅಷ್ಟು ದುಡ್ಡಿಲ್ಲ ಅಂದ್ರೂ, ಘಟಕದ ತೊಟ್ಟಿಗಳಿಗೆ ಗಾಳಿ ಊದುವ ಯಂತ್ರ ನಿಲ್ಲದಂತೆ ನೋಡಿಕೊಳ್ಳೋದು, ಹೂಳನ್ನು ತಿರುವಿ ಹಾಕಿ ಗೊಬ್ಬರ ಮಾಡಿದ ಮೇಲಷ್ಟೇ ಹೊಲಕ್ಕೆ ಬಿಡೋದು ಇವತ್ತಿನಿಂದಲೇ ಆಗುವ ಕೆಲಸ.