ಅಜ್ಜನ ಆಂಟೆನಾ ಯಾವ ದಿಕ್ಕಿಗಿತ್ತು?

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಗಿತ್ತು. ಆಫೀಸು, ಡೆಡ್‌ಲೈನು ಅಂತ ಎಂದಿನ ನೆಪಗಳು... ಇವತ್ತು ಬರೆಯೋಕೆ ಕೂತಿದ್ದು ಮೊನ್ನೆ ಸಿರುಗುಪ್ಪಕ್ಕೆ ಹೋಗಿ ಬಂದದ್ದರಿಂದ.

ಮಾಳಿಗೆ ಮೇಲೆ ಒಂದು ರೂಮು ಕಟ್ಟಿಸಬೇಕು ಅಂತ ಚಿಕ್ಕಪ್ಪ ಹೊರಟಿದ್ದಾರೆ. ಅಲ್ಲಿದ್ದ ಹಳೆ ಸಾಮಾನೆಲ್ಲ ಗುಜರಿಗೆ ಹೋಗೋಕೆ ಸಾಲಾಗಿ ನಿಂತಿತ್ತು. ಅದರಲ್ಲಿ ಅಜ್ಜನ ಟೀವಿ ಆಂಟೆನಾ ಕೂಡ ಒಂದು. ಅದೇ, ಮೀನಿನ ಮುಳ್ಳಿನ ಥರ ಇರುತ್ತಲ್ಲ, ಅದು. ಪೈಪಿನ ಸಮೇತ ಕೆಳಗೆ ಮಲಗಿಸಿದ್ದರು. ಅಜ್ಜಿ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು, "ಅಲ್ಲಪ್ಪಾ, ಇದು ಯಾವ ದಿಕ್ಕಿಗಿತ್ತು?"

ನನಗೆ ಗೊತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಇಂಜಿನಿಯರಿಂಗ್ ಮಾಡಿ, ಆಂಟೆನಾ ಅಂತ ಒಂದು ಇಡೀ ಪೇಪರ್ ಪಾಸು ಮಾಡಿದವನು ನಾನು. ಆದರೂ ನಮ್ಮ ಮನೆ ಆಂಟೆನಾ ಎತ್ತ ನೋಡುತ್ತಿತ್ತು ಅಂತ ಹೇಳೋಕೆ ಬರಲಿಲ್ಲ. ನಾಚಿಕೆ ಆಯ್ತು. ಅವತ್ತು ರಾತ್ರಿ ಮ್ಯಾಪು, ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಆಗ ಸಿಕ್ಕ ಕಥೆ ಇದು.

ಶುರು ಮಾಡಬೇಕಾದ್ದು ತುಂಗಭದ್ರೆಯ ಆಚೆ ದಡದಿಂದ. ನಮ್ಮ ಸಿರುಗುಪ್ಪ ತಾಲೂಕು ಮುಗಿದು ನದಿ ದಾಟಿದರೆ ರಾಯಚೂರು ಜಿಲ್ಲೆ. 1975ರ ಆಗಸ್ಟ್ 1ರಂದು 'ಸೈಟ್' ಅನ್ನುವ ಪ್ರಯೋಗ ಶುರುವಾಯ್ತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಳಸಲು ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟೀವಿ ಬಂತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ! ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ನದಿಯಾಚೆಯ ಹಳ್ಳಿಗಳಲ್ಲಿ ಜನ ಸಂಜೆ ಒಂದು ಕಡೆ ಕೂತು ಕನ್ನಡದಲ್ಲಿ ಟೀವಿ ನೋಡಿದ್ದರು. ಬಳ್ಳಾರಿ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಹೊಳೆ ಅಡ್ಡ ಬಂತು :)

ಆ ಹಳ್ಳಿಗಳಲ್ಲಿ ಇದ್ದದ್ದು ಮೀನಿನ ಮುಳ್ಳಲ್ಲ, ಡಿಶ್. ಕೋಳಿ ಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಡಿಶ್. ಉಪಗ್ರಹ ಇದ್ದದ್ದು 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಆಫ್ರಿಕಾದ ನೆತ್ತಿ ಮೇಲೆ. ಹಾಗಾಗಿ ರಾಯಚೂರಿನ ಡಿಶ್‌ಗಳು ಹೆಚ್ಚು ಕಡಿಮೆ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಿರಬೇಕು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹವನ್ನು ವಾಪಸ್ ಸರಿಸಿದರು. ಡಿಶ್‌ಗೆ ನೋಡೋಕೆ ಏನೂ ಉಳಿಯಲಿಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಅದು ಸುತ್ತಮುತ್ತಲಿಗೆ ಸರಿ, ಅಷ್ಟು ದೂರದಿಂದ ನಮ್ಮ ಕಡೆಗೆ ಮುಟ್ಟುವಂಥದ್ದಲ್ಲ.

ಮುಂದಿನದು ನಿಮಗೆಲ್ಲ ಗೊತ್ತಿರೋದೇ. 1982ರಲ್ಲಿ ಏಷ್ಯಾಡ್, ಕಲರ್ ಟೀವಿ. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ. 1984ರಲ್ಲಂತೂ ಕೆಲವು ತಿಂಗಳು ಸರಿಸುಮಾರು ದಿನಕ್ಕೊಂದರಂತೆ ದೇಶದಲ್ಲಿ ಟ್ರಾನ್ಸ್‌ಮಿಟರ್‌ಗಳು ಎದ್ದವು. ಬಹಳಷ್ಟು 100 ವಾಟ್‌ನವು. ಉಪಗ್ರಹದಿಂದ ಬಂದದ್ದನ್ನು ಹಿಡಿದು ಊರಿಗೆ ಹಂಚುವುದು ಅವುಗಳ ಕೆಲಸ. ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆಗೆ ಅವುಗಳ ಶಕ್ತಿ ಮುಗಿದಂತೆಯೇ. ದೊಡ್ಡ ಟ್ರಾನ್ಸ್‌ಮಿಟರ್‌ಗಳದ್ದು ಇನ್ನೂ ದೂರ.

ಈಗ ನಮ್ಮ ಮೂರು ಊರುಗಳ ಲೆಕ್ಕಕ್ಕೆ ಬರೋಣ. ಮ್ಯಾಪಿನಲ್ಲಿ ಗೆರೆ ಎಳೆದರೆ ಬಳ್ಳಾರಿಯಿಂದ ಕುರುಗೋಡು ಸುಮಾರು 25 ಕಿ.ಮೀ., ಸಿರುಗುಪ್ಪ ಸುಮಾರು 55 ಕಿ.ಮೀ. ಟೀವಿ ಅಲೆಗಳು ಹೆಚ್ಚು ಕಡಿಮೆ ನೇರ ಹೋಗುತ್ತವೆ. ಭೂಮಿಯೋ ಗುಂಡಗಿದೆ. ಹಾಗಾಗಿ ಎಷ್ಟು ದೂರ ಮುಟ್ಟುತ್ತೆ ಅನ್ನೋದಕ್ಕೆ ಒಂದು ಸುಲಭ ಸೂತ್ರ ಇದೆ. ಟವರಿನ ಎತ್ತರದ (ಮೀಟರಿನಲ್ಲಿ) ವರ್ಗಮೂಲ, ನಮ್ಮ ಆಂಟೆನಾ ಎತ್ತರದ ವರ್ಗಮೂಲ, ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಬಳ್ಳಾರಿಯಲ್ಲಿ 100 ಮೀಟರ್ ಟವರ್ ಇದೆ ಅಂತ ಸುಮ್ಮನೆ ಅಂದುಕೊಳ್ಳಿ. ನಮ್ಮ ಆಂಟೆನಾ ನೆಲದಿಂದ 10 ಮೀಟರ್ ಮೇಲಿದ್ದರೆ ಉತ್ತರ 54. ಸಿರುಗುಪ್ಪ ಒಂದು ಕಿಲೋಮೀಟರಿನಿಂದ ತಪ್ಪಿಹೋಯ್ತು! ಅದೇ 15 ಮೀಟರ್ ಮಾಡಿದರೆ 57. ಊರು ಒಳಗೆ ಬಂತು.

ಅಜ್ಜ ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಮ್ಮ ಮನೆ ಆಂಟೆನಾಕ್ಕೆ ಎರಡು ಪೈಪುಗಳ ಜೋಡಣೆ ಇತ್ತು. ಮೊದಲಿನ ಪೈಪು ಸಾಲದು ಅಂತ ಅವರೇ ಇನ್ನೊಂದು ಸೇರಿಸಿದ್ದರಂತೆ. ಮೊನ್ನೆ ಅದನ್ನು ಮುಟ್ಟಿ ನೋಡಿದಾಗ ಮೈ ಜುಮ್ಮೆಂದಿತು. ನಾನು ಮೂರನೇ ಸೆಮಿಸ್ಟರಿನಲ್ಲಿ ಕಲಿತದ್ದು ಅವರಿಗೆ ಮಾಳಿಗೆ ಮೇಲೆ ನಿಂತೇ ಗೊತ್ತಾಗಿತ್ತು.

ಕುರುಗೋಡಿನಲ್ಲಿ ನಮ್ಮ ಅತ್ತೆ ಮನೆ. ದೂರ ಅರ್ಧಕ್ಕಿಂತ ಕಡಿಮೆ, ಆದರೆ ಅಲ್ಲಿ ಬಂಡೆಗುಡ್ಡಗಳು. ಗುಡ್ಡದ ಬೆನ್ನಿಗಿರುವ ಮನೆಗೆ ಅಲೆ ನೆರಳು ಬೀಳುತ್ತೆ, ಬಿಸಿಲಿಗೆ ಬಿದ್ದ ಹಾಗೆ. ಒಂದು ಬೀದಿಯಲ್ಲಿ ಚಿತ್ರ ಸ್ಪಷ್ಟ, ಪಕ್ಕದ ಬೀದಿಯಲ್ಲಿ ಬರೀ ಚುಕ್ಕಿ. ಅತ್ತೆ ಮನೆಯಲ್ಲಿ ಬೂಸ್ಟರ್ ಇತ್ತು, ಅದನ್ನು ಹಾಕಿದರೆ ಚುಕ್ಕಿಗಳೂ ಜೋರಾಗುತ್ತಿದ್ದವು :)

ಸಿರುಗುಪ್ಪದವರಿಗೆ ಇನ್ನೊಂದು ಸಂಕಟ, ಅಥವಾ ಲಾಭ. ಬಳ್ಳಾರಿ 55 ಕಿ.ಮೀ. ಆದರೆ ಪೂರ್ವಕ್ಕೆ ಆದೋನಿ ಬರೀ 40. 1953ರ ಅಕ್ಟೋಬರ್ 1ರಂದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ಗಡಿ ಎಲ್ಲಿ ಅಂತ ಗಾಳಿಯಲ್ಲಿ ಹೋಗುವ ಅಲೆಗೆ ಯಾರು ಹೇಳಬೇಕು? ಆಂಟೆನಾವನ್ನು ಪೂರ್ವಕ್ಕೆ ತಿರುಗಿಸಿದರೆ ಕೆಲವು ಸಂಜೆ ತೆಲುಗು ಬರುತ್ತಿತ್ತು, ದಕ್ಷಿಣಕ್ಕೆ ತಿರುಗಿಸಿದರೆ ಕನ್ನಡ. ನಮ್ಮ ಕಡೆಯವರಿಗೆ ಎರಡೂ ಭಾಷೆ ಬರುತ್ತೆ ಬಿಡಿ, ಆದರೂ ವಾರ್ತೆ ಮಾತ್ರ ಕನ್ನಡದಲ್ಲೇ ಆಗಬೇಕು ಅಂತ ಅಜ್ಜನ ಹಟ.

ನನ್ನ ಬಾಲ್ಯದ ಡ್ಯೂಟಿ ಇದೇ. ಅಜ್ಜ ಮಾಳಿಗೆ ಮೇಲೆ ಪೈಪು ಹಿಡಿದು ನಿಲ್ಲುವುದು, ನಾನು ಬಾಗಿಲಲ್ಲಿ, ಅಜ್ಜಿ ಟೀವಿ ಮುಂದೆ.

"ಬಂತೇನೋ?"
"ಅಜ್ಜಿ, ಬಂತಾ?"
"ಗೆರೆ ಬರಾಕತ್ಯಾವ... ಬಂತು ಬಂತು... ಅಯ್ಯ, ಹೋಯ್ತು!"
"ಹೋಯ್ತಂತೆ ಅಜ್ಜಾ!"

ಊರಲ್ಲಿ ಆಗಲೇ ಕೇಬಲ್ ಬಂದಿತ್ತು. ತಿಂಗಳು ತಿಂಗಳು ದುಡ್ಡು ಕೊಟ್ಟು ಗಾಳಿ ಕೊಳ್ಳೋದೇ ಅಂತ ಅಜ್ಜ ಹಾಕಿಸಲಿಲ್ಲ. ಸಂಜೆಯ ವಾರ್ತೆ, ಕ್ರಿಕೆಟ್, ಎಲ್ಲ ಆ ಮುಳ್ಳಿನಿಂದಲೇ. ಚುಕ್ಕಿಗಳ ನಡುವೆ ಚೆಂಡು ಯಾವುದು ಅಂತ ಊಹಿಸಬೇಕಿತ್ತು, ಆದರೆ ಸ್ಕೋರ್ ಕೇಳಿಸುತ್ತಿತ್ತು.

ಮೊನ್ನೆ ಕುತೂಹಲಕ್ಕೆ ಟೇಪು ಹಿಡಿದು ಕಡ್ಡಿಗಳ ಉದ್ದ ಅಳೆದೆ. ಆಂಟೆನಾ ಕಡ್ಡಿ ಅಲೆಯ ಉದ್ದದ ಅರ್ಧ ಇರಬೇಕು. 150ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ. 62 ಮೆಗಾಹರ್ಟ್ಸಿಗೆ ಆಳೆತ್ತರ ಮೀರಿದ ಕಡ್ಡಿ, ಸುಮಾರು 2.4 ಮೀಟರ್. 182ಕ್ಕೆ 82 ಸೆಂಟಿಮೀಟರ್. 500ಕ್ಕೆ ಒಂದು ಸ್ಕೇಲಿನಷ್ಟು, 30 ಸೆಂಟಿಮೀಟರ್. ಅಂದರೆ ಟ್ರಾನ್ಸ್‌ಮಿಟರ್ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಹೋದರೆ ಟೀವಿ ಗುಂಡಿ ತಿರುಗಿಸಿದರೆ ಸಾಲದು, ಮಾಳಿಗೆ ಮೇಲಿನ ಲೋಹವೂ ಬದಲಾಗಬೇಕು. ಅಜ್ಜನದರಲ್ಲಿ ಕೋತಿ ಮುರಿದ ಕಡ್ಡಿಗಳ ಜಾಗಕ್ಕೆ ಸೈಕಲ್ ಶಾಪಿನ ಪೈಪು ಬಿಗಿದಿದ್ದರು. ಲೆಕ್ಕ ಹಾಕಿದರೆ ಲೋಕದ ಯಾವ ಚಾನೆಲ್ಲಿಗೂ ಹೊಂದಲಿಲ್ಲ. ಚುಕ್ಕಿ ಯಾಕೆ ಬರುತ್ತಿತ್ತು ಅಂತ ಈಗ ಗೊತ್ತಾಯ್ತು!

ಮೀನಿನ ಮುಳ್ಳಿನ ಕಾಲ ಮುಗಿದದ್ದು ಹೀಗೆ. 2004ರ ಡಿಸೆಂಬರಿನಲ್ಲಿ ದೂರದರ್ಶನದ ತಿಂಗಳ ಬಾಡಿಗೆ ಇಲ್ಲದ ಡಿಶ್ ಸೇವೆ ಡಿಡಿ ಡೈರೆಕ್ಟ್ ಪ್ಲಸ್ ಬಂತು, ಮುಂದೆ ಅದೇ ಡಿಡಿ ಫ್ರೀ ಡಿಶ್ ಆಯ್ತು. ನೆಲದ ಟವರುಗಳಿಗೂ ಡಿಜಿಟಲ್ ಮಾಡುವ ಯೋಜನೆ ಇತ್ತು. 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಡಿವಿಬಿ-ಟಿ2 ಪ್ರಸಾರ ಶುರುವಾಯ್ತು. ಒಂದು ಅನಲಾಗ್ ಚಾನೆಲಿನ ಜಾಗದಲ್ಲಿ ಐದಾರು ಚಾನೆಲ್, ಚುಕ್ಕಿ ಇಲ್ಲ. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಮಾತ್ರ. ಬಳ್ಳಾರಿ ಮತ್ತೊಮ್ಮೆ ಪಟ್ಟಿಯ ಹೊರಗೆ.

ಆಮೇಲೆ ಪ್ರಸಾರ ಭಾರತಿ ಉಳಿದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಮೂರು ಕಂತಿನಲ್ಲಿ ನಿಲ್ಲಿಸಿತು. 2021ರ ಅಕ್ಟೋಬರ್ ಕೊನೆಗೆ 152, ಡಿಸೆಂಬರ್ ಕೊನೆಗೆ 109, 2022ರ ಮಾರ್ಚ್ ಕೊನೆಗೆ 151. ಆಯಕಟ್ಟಿನ ಜಾಗಗಳ ಐವತ್ತರಷ್ಟನ್ನು ಬಿಟ್ಟು ದೇಶದ ಅನಲಾಗ್ ಕಥೆ ಮುಗಿಯಿತು. ಕೊಟ್ಟ ಕಾರಣಗಳು ಸರಿಯಾದವೇ. ವಿದ್ಯುತ್ ಖರ್ಚು ಉಳಿಯುತ್ತೆ, ತರಂಗಾಂತರ 5ಜಿಯಂಥ ಹೊಸ ಕೆಲಸಗಳಿಗೆ ಸಿಗುತ್ತೆ. ಕಲಬುರಗಿ ಕೇಂದ್ರವೇ ಮುಚ್ಚುತ್ತೆ ಅಂತ ಆಗ ಗುಲ್ಲೆದ್ದಿತ್ತು. ಇಲ್ಲ, ಅಲ್ಲಿ ಕಾರ್ಯಕ್ರಮ ತಯಾರಿ ಮುಂದುವರಿಯುತ್ತೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ನಮ್ಮ ಓಣಿಯಲ್ಲಂತೂ ಯಾರೂ ಆ ಮಾತೇ ಎತ್ತಲಿಲ್ಲ. ಆಂಟೆನಾಗಳಿಗೆ ಆಗಲೇ ಬಟ್ಟೆ ಒಣಗಿಸುವ ದಾರ ಕಟ್ಟಿತ್ತು.

ನಾನೂ ಹಳೆಯದಕ್ಕೆ ಅಳೋನಲ್ಲ. ನನಗೆ ಚುಚ್ಚಿದ್ದು ಬೇರೆ ವಿಷಯ. ಬ್ರಿಟನ್ನಿನಲ್ಲಿ ಅನಲಾಗ್ ನಿಲ್ಲಿಸಿದ್ದು ಊರೂರಿಗೆ ದಿನಾಂಕ ಗೊತ್ತು ಮಾಡಿ, 2012ರ ಅಕ್ಟೋಬರಿನಲ್ಲಿ ಮುಗಿಸಿದರು. 75 ದಾಟಿದವರಿಗೆ, ಅಂಗವಿಕಲರಿಗೆ ಪೆಟ್ಟಿಗೆ ಜೋಡಿಸಿಕೊಡಲು ಪ್ರತ್ಯೇಕ ಯೋಜನೆಯೇ ಇತ್ತು. ಮತ್ತೆ ಮೊಬೈಲಿಗಾಗಿ 700 ಮೆಗಾಹರ್ಟ್ಸ್ ತೆರವು ಮಾಡಿದಾಗಲೂ (2020ಕ್ಕೆ ಮುಗಿಯಿತು) ಇಂಥ ದಿನ ನಿಮ್ಮ ಟೀವಿ ಮರುಹೊಂದಿಸಿ ಅಂತ ಮನೆಮನೆಗೆ ತಿಳಿಸಿದ್ದರು. ಅಲೆ ಬದಲಾದರೆ ನೋಡುವವರಿಗೆ ಹೇಳಬೇಕು ಅನ್ನೋದು ಅಲ್ಲಿ ಕೆಲಸದ ಒಂದು ಭಾಗ.

ನಮ್ಮ ಮನೆಯಲ್ಲಿ ಅಜ್ಜ ತೀರಿಹೋದ ಮೇಲೆ ಡಿಶ್ ಬಂತು, ತಿಂಗಳ ದುಡ್ಡಿಲ್ಲದ್ದೇ. ಹಿಂದಿ ಚಾನೆಲ್ಲುಗಳ ರಾಶಿಯಲ್ಲಿ ಅಜ್ಜಿ ನೋಡುವುದು ಚಂದನ ಒಂದೇ. ಒಂದು ದಿನ ಬೆಳಗ್ಗೆ ಫೋನು, "ಚಂದನ ಬರವಲ್ದಪ್ಪಾ, ಟೀವಿ ಕೆಟ್ಟೈತೆ." ಮೂರು ವಾರ ಅವರು ಟೀವಿ ಹಾಕಿರಲಿಲ್ಲ. ಕೆಟ್ಟದ್ದನ್ನು ಹಾಕಿದರೆ ಸುಟ್ಟುಹೋದೀತು ಅಂತ. ಯಾರಿಗೂ ಹೇಳಿರಲೂ ಇಲ್ಲ, ರಿಪೇರಿಗೆ ಖರ್ಚು ಅಂತ. ನಾನು ಹೋಗಿ ನೋಡಿದರೆ ಕೆಟ್ಟದ್ದು ಏನೂ ಇಲ್ಲ. ಚಾನೆಲ್ಲುಗಳ ಜಾಗ ಬದಲಾಗಿತ್ತು, ಮತ್ತೆ ಹುಡುಕಿಸಿದರೆ ಸಾಕಿತ್ತು. ನಾಲ್ಕು ಗುಂಡಿ, ಎರಡು ನಿಮಿಷ. ಆದರೆ ಮೆನು ಪೂರ್ತಿ ಇಂಗ್ಲಿಷಿನಲ್ಲಿ. ಅಜ್ಜಿಗೆ ಓದೋಕೆ ಬರೋದು ಕನ್ನಡ ಮಾತ್ರ.

ಹಿಂದೆ ಚಿತ್ರ ಹೋದರೆ ಯಾಕೆ ಹೋಯ್ತು ಅಂತ ಮನೆಯವರಿಗೆ ತಿಳಿಯುತ್ತಿತ್ತು. ಗಾಳಿ ಬೀಸಿದೆ, ಕೋತಿ ಕೂತಿದೆ, ಮೇಲೆ ಹತ್ತಿ ತಿರುಗಿಸು. ಈಗ ಡಿಜಿಟಲ್ಲಿನಲ್ಲಿ ಚುಕ್ಕಿ ಅನ್ನೋದಿಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಏನೂ ಇಲ್ಲ. ಅಜ್ಜನ ಕೈಯಲ್ಲಿದ್ದ ರಿಪೇರಿ ಅಜ್ಜಿಯ ಕೈಗೆ ಬರಲಿಲ್ಲ. ನೂರಾರು ಕಿಲೋಮೀಟರ್ ದೂರದ ಮೊಮ್ಮಗನಿಗೆ ಹೋಯ್ತು.

ಈಗ ಹೊಸ ಮಾತು ಕೇಳಿ ಬರುತ್ತಿದೆ. ಇಂಟರ್ನೆಟ್ ಇಲ್ಲದೆ ಮೊಬೈಲಿಗೇ ನೇರ ಟೀವಿ. ಅದಕ್ಕೆ 470ರಿಂದ 582 ಮೆಗಾಹರ್ಟ್ಸ್ ಮೀಸಲಿಡಬೇಕು ಅಂತ, 19 ನಗರಗಳಲ್ಲಿ ಪರೀಕ್ಷೆ ಮಾಡಬೇಕು ಅಂತ 2024ರ ಜನವರಿಯಲ್ಲಿ ವಾರ್ತಾ ಇಲಾಖೆಯ ಕಾರ್ಯದರ್ಶಿ ಹೇಳಿದ್ದರು. ಹಳೇ ಟೀವಿ ಟವರುಗಳ ಅದೇ ಬ್ಯಾಂಡು. ಬರಲಿ, ಒಳ್ಳೆಯದೇ. ಆ ಪಟ್ಟಿಯಲ್ಲಿ ನಮ್ಮೂರು ಯಾವಾಗ ಬರುತ್ತೆ ಅನ್ನೋದೊಂದು, ಅದರ ಮೆನು ಯಾವ ಭಾಷೆಯಲ್ಲಿರುತ್ತೆ ಅನ್ನೋದೊಂದು, ಎರಡೂ ನೋಡಬೇಕು.

ಅಂದಹಾಗೆ ಅಜ್ಜಿಯ ಪ್ರಶ್ನೆಗೆ ಉತ್ತರ. ಸಿರುಗುಪ್ಪದಿಂದ ಬಳ್ಳಾರಿ ಹೆಚ್ಚು ಕಡಿಮೆ ನೇರ ದಕ್ಷಿಣ. ಅಜ್ಜನ ಆಂಟೆನಾ ದಕ್ಷಿಣಕ್ಕಿತ್ತು. ಈಗಿನ ಡಿಶ್ 93.5 ಡಿಗ್ರಿಯ ಉಪಗ್ರಹ ನೋಡುತ್ತೆ, ಅದು ಆಗ್ನೇಯ. ಹೇಳಿದಾಗ ಅಜ್ಜಿ, "ಹೌದೌದು, ಕುಂಬಿ ಹಿಡಕೊಂಡು ಬಳ್ಳಾರಿ ಕಡೆಗೇ ನಿಲ್ಲುತ್ತಿದ್ದರು" ಅಂದು ಸುಮ್ಮನಾದರು.

ಆಂಟೆನಾ ಗುಜರಿಗೆ ಹೋಯ್ತು. ನಾನು ಬರುವ ಮುಂಚೆ ಒಂದು ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಟೀವಿ ಪಕ್ಕ ಅಂಟಿಸಿ ಬಂದೆ. 'ಚಂದನ ಹೋದರೆ: 1. ಕೆಂಪು ಗುಂಡಿಯ ಕೆಳಗಿನ ಮೆನು ಒತ್ತಿ. 2. ಎರಡು ಸಲ ಕೆಳಗೆ...' ಅಜ್ಜಿ ಕೈಯಲ್ಲೇ ಎರಡು ಸಲ ಮಾಡಿಸಿದೆ. ಮೊದಲ ಸಲ ತಪ್ಪಾಯ್ತು, ಎರಡನೇ ಸಲ ಬಂತು.

"ಬಂತಾ?" ಅಂತ ನಾನು ಬಾಗಿಲಿಂದ ಕೇಳಿದೆ.

"ಬಂತು ಬಂತು" ಅಂದರು.

ನಿಮ್ಮ ಊರಲ್ಲಿ ಇಂಥದೊಂದು ಪೆಟ್ಟಿಗೆ ಇದ್ದರೆ, ಮುಂದಿನ ಸಲ ಹೋದಾಗ ಒಂದು ಹಾಳೆ ಬರೆದು ಅಂಟಿಸಿ ಬನ್ನಿ. ಹಾಗೇ ನಿಮ್ಮ ಮನೆ ಆಂಟೆನಾ ಯಾವ ದಿಕ್ಕಿಗಿತ್ತು, ನೆನಪಿದ್ದರೆ ಹೇಳಿ.