ಮಾವಿನ ತೋಪಿನ ಮೌನ

ಬೌದ್ಧರ ಧ್ಯಾನಸಭೆಗೆ ಮೊದಲ ಬಾರಿ ಕಾಲಿಟ್ಟ ಹೊರಗಿನವನಿಗೆ ಏನೆನ್ನಿಸೀತು? ಶಾಂತಿ, ಸಮಾಧಾನ ಎಂದು ನಾವು ಊಹಿಸುತ್ತೇವೆ. ಆದರೆ ಇಂಥ ಭೇಟಿಯ ಬಹು ಹಳೆಯ ಚಿತ್ರವೊಂದರಲ್ಲಿ, ಹೋದವನಿಗೆ ಮೊದಲು ಆದದ್ದು ಭಯ. ಹೋದವನು ಸಾಮಾನ್ಯನೂ ಅಲ್ಲ. ಮಗಧದ ದೊರೆ ಅಜಾತಶತ್ರು.

ಪಾಳಿಯ ದೀಘನಿಕಾಯದ ಎರಡನೆಯ ಸುತ್ತದಲ್ಲಿ ಈ ಪ್ರಸಂಗ ಬರುತ್ತದೆ. ಕಾಲ ಸುಮಾರು ಕ್ರಿ. ಪೂ. 5ನೆಯ ಶತಮಾನ, ಸ್ಥಳ ರಾಜಗೃಹ, ಅಂದರೆ ಬಿಹಾರದ ಇಂದಿನ ರಾಜಗಿರ್. ಮಳೆಗಾಲ ಕಳೆದು ಹುಣ್ಣಿಮೆ ಬಂದಿತ್ತು. ಯಾರ ದರ್ಶನದಿಂದ ಮನಸ್ಸು ತಿಳಿಯಾದೀತೆಂದು ಅರಸನು ಉಪ್ಪರಿಗೆಯಲ್ಲಿ ಕುಳಿತು ಕೇಳಿದ. ಮಂತ್ರಿಗಳು ಆರು ಮಂದಿ ಗುರುಗಳ ಹೆಸರು ಹೇಳಿದರು. ಅರಸ ತುಟಿ ಬಿಚ್ಚಲಿಲ್ಲ. ಸುಮ್ಮನೆ ಕುಳಿತಿದ್ದ ವೈದ್ಯ ಜೀವಕನನ್ನು ಕೇಳಿದಾಗ, ಬುದ್ಧನು 1250 ಭಿಕ್ಷುಗಳೊಡನೆ ತನ್ನ ಮಾವಿನ ತೋಪಿನಲ್ಲಿಯೇ ಇರುವನೆಂದು ಆತ ತಿಳಿಸಿದ.

ಆನೆಗಳು, ಪಂಜುಗಳು ಸಿದ್ಧವಾದವು. ತೋಪು ಹತ್ತಿರವಾದಂತೆ ಅರಸನ ರೋಮ ನಿಮಿರಿತು. ಸಾವಿರಕ್ಕೆ ಮೀರಿದ ಜನವಿದ್ದೆಡೆ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ! ತನ್ನನ್ನು ಹಗೆಗಳ ಕೈಗೆ ಒಪ್ಪಿಸುವ ಸಂಚೇ ಇದು ಎಂದು ಜೀವಕನನ್ನು ಕೇಳಿಯೇ ಬಿಟ್ಟ.

ತಂದೆ ಬಿಂಬಿಸಾರನನ್ನು ಕೊಂದು ಪಟ್ಟವೇರಿದವನು ಅವನು. ಅಂಥವನಿಗೆ ಮೌನವೆಂದರೆ ಹೊಂಚು. ಬೇರೆ ಬಗೆಯ ಮೌನವನ್ನು ಅವನು ಕಂಡಿರಲೇ ಇಲ್ಲವೆಂದು ತೋರುತ್ತದೆ.

ಮಂಟಪದಲ್ಲಿ ಉರಿಯುತ್ತಿದ್ದ ದೀಪಗಳನ್ನು ತೋರಿಸಿ ಜೀವಕ ಧೈರ್ಯ ಹೇಳಿದ. ಅರಸ ಆನೆಯಿಂದಿಳಿದು ನಡೆದೇ ಒಳಹೊಕ್ಕ. ಬುದ್ಧನಾರೆಂದು ಅವನಿಗೆ ಗುರುತು ಸಿಗಲಿಲ್ಲ; ನಡುಗಂಬದ ಬಳಿ ಕುಳಿತವನೆಂದು ಜೀವಕನೇ ತೋರಿಸಬೇಕಾಯಿತು. ತಿಳಿಗೊಳದಂತೆ ನಿಶ್ಚಲವಾಗಿದ್ದ ಆ ಸಭೆಯನ್ನು ನೋಡುತ್ತ ನಿಂತವನ ಬಾಯಿಂದ ಮೊದಲು ಬಂದುದು ಮಗನ ಹೆಸರು. ಕುಮಾರ ಉದಯಭದ್ರನಿಗೆ ಈ ಶಾಂತಿ ದೊರೆಯಲೆಂದು ಹಾರೈಸಿದ.

ಬಳಿಕ ಅರಸನು ಲೌಕಿಕವಾದ ಪ್ರಶ್ನೆಯನ್ನೇ ಕೇಳಿದ: ಮಾವುತ, ಅಡಿಗೆಯವ, ಹೂಕಟ್ಟುವವ, ನೇಕಾರ ಇವರಿಗೆಲ್ಲ ದುಡಿಮೆಯ ಫಲ ಕಣ್ಣೆದುರಿಗೇ ಉಂಟು, ಸಂನ್ಯಾಸಿಗೆ ಏನುಂಟು? ಬುದ್ಧನು ಶೀಲದಿಂದ ಮೊದಲುಮಾಡಿ ಧ್ಯಾನದ ನಾಲ್ಕು ಹಂತಗಳನ್ನೂ ಅದರಾಚೆಯ ಅರಿವನ್ನೂ ವಿವರಿಸಿದ. ಕೊನೆಗೆ ಅರಸನು ಪಿತೃಹತ್ಯೆಯನ್ನು ತಾನಾಗಿಯೇ ಒಪ್ಪಿಕೊಂಡ. ಬುದ್ಧನು ಅವನನ್ನು ಶಪಿಸಲೂ ಇಲ್ಲ, ತಪ್ಪನ್ನು ತೇಲಿಸಲೂ ಇಲ್ಲ. ಅವನು ಹೋದ ಮೇಲೆ, ಆ ಕೊಲೆಯೊಂದಿಲ್ಲದಿದ್ದರೆ ಇವನಿಗೆ ಇಲ್ಲಿಯೇ ಧರ್ಮದ ಕಣ್ಣು ತೆರೆಯುತ್ತಿತ್ತೆಂದು ಭಿಕ್ಷುಗಳಿಗೆ ಹೇಳಿದ.

ಕ್ರಿ. ಪೂ. 2ನೆಯ ಶತಮಾನದ ಭರ್ಹುತ್ ಶಿಲ್ಪದಲ್ಲಿ ಈ ಭೇಟಿಯ ಕೆತ್ತನೆಯಿದೆ. 1873ರಲ್ಲಿ ಕನ್ನಿಂಗ್‌ಹ್ಯಾಮ್ ಗುರುತಿಸಿದ ಆ ಸ್ತೂಪದ ಕಲ್ಲು ಈಗ ಕೋಲ್ಕತ್ತದ ವಸ್ತುಸಂಗ್ರಹಾಲಯದಲ್ಲಿದೆ. ಆನೆಯೇರಿ ಬಂದ ಅರಸ ಕೈಮುಗಿದಿದ್ದಾನೆ; ಬುದ್ಧನ ರೂಪವಿಲ್ಲ, ಬರಿಯ ಪೀಠವಿದೆ.

ಸಿಂಹಳದ ಮಹಾವಂಶದ ಪ್ರಕಾರ, ಆ ಉದಯಭದ್ರನೇ ಮುಂದೆ ಅಜಾತಶತ್ರುವನ್ನು ಕೊಂದು ಪಟ್ಟವೇರಿದ. ಜೈನ ಪರಂಪರೆಯಲ್ಲಿ ಮಾತ್ರ ಅವನು ತಂದೆಯ ಸಾವಿಗೆ ಮರುಗಿದ ಮಗ. ಯಾವುದೇ ನಿಜವಿರಲಿ, ತನ್ನ ದಾರಿಯನ್ನು ಮಗ ಹಿಡಿಯದಿರಲಿ ಎಂಬ ತಂದೆಯ ಅಳಲು ಆ ರಾತ್ರಿಯ ಹಾರೈಕೆಯಲ್ಲಿ ಇದ್ದಿತೆಂದೇ ನಮಗೆ ತೋರುತ್ತದೆ.