ಎಲ್ಲಮ್ಮನ ಗುಡ್ಡದಲ್ಲಿ ರೂಮ್ ಬುಕ್ ಮಾಡ್ತೀರಾ? ಹಣ ಕಳಿಸುವ ಮುನ್ನ ಇದನ್ನು ಓದಿ

ಹುಣ್ಣಿಮೆ ಹತ್ತಿರ ಬಂತೆಂದರೆ ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಸವದತ್ತಿಯ ಮಾತು ಶುರುವಾಗುತ್ತದೆ. ಯಾರ ಗಾಡಿ, ಎಷ್ಟು ಜನ, ಎಲ್ಲಿ ಉಳಿಯುವುದು? ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು ಒಂದು ಮೊಬೈಲ್ ನಂಬರ್ ಹಾಕಿ "ಇಲ್ಲಿ ರೂಮ್ ಸಿಗುತ್ತೆ, ಅಡ್ವಾನ್ಸ್ ಹಾಕಿ" ಎನ್ನುತ್ತಾರೆ. ಜೊತೆಗೆ ಲಾಡ್ಜಿನ ಕನ್ನಡಿ, ಆಧಾರ್ ಜೆರಾಕ್ಸ್, ಗೀಸರ್ ಬಗ್ಗೆ ಹತ್ತಾರು ಎಚ್ಚರಿಕೆಗಳೂ ಬರುತ್ತವೆ. ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ

ಫಾರ್ವರ್ಡ್‌ನಲ್ಲಿ ಬಂದ ನಂಬರಿಗೆ ಪರಿಶೀಲಿಸದೆ ಹಣ ಕಳಿಸಬೇಡಿ. ಕನ್ನಡಿಗೆ ಬೆರಳಿಟ್ಟು ನೋಡುವ ಪರೀಕ್ಷೆಯನ್ನು ನಂಬುವಂತಿಲ್ಲ. ಹೆಚ್ಚಿನವರು ಗಮನಿಸದ ನಿಜವಾದ ಅಪಾಯ ಇರುವುದು ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರಿನಲ್ಲಿ.

ರೂಮಿಗೆ ಇಷ್ಟೊಂದು ಪರದಾಟ ಯಾಕೆ?

ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣದ ಭಕ್ತರೂ ಬರುತ್ತಾರೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಂದು ದಟ್ಟಣೆ ಹೆಚ್ಚು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಂತೂ ಗುಡ್ಡದ ತುಂಬ ಚಕ್ಕಡಿ, ಟ್ರ್ಯಾಕ್ಟರುಗಳೇ. ಎಷ್ಟೋ ಕುಟುಂಬಗಳು ಬಯಲಲ್ಲೇ ಬಿಡಾರ ಹೂಡಿ, ಅಡುಗೆ ಮಾಡಿ, ಪಡ್ಡಲಗಿ ತುಂಬಿಸಿ ಊರಿಗೆ ಮರಳುತ್ತವೆ. ಬರುವವರಿಗೆ ಹೋಲಿಸಿದರೆ ರೂಮುಗಳು ಕಡಿಮೆ. ಕೇಂದ್ರ ಸರ್ಕಾರ 2024ರಲ್ಲಿ ಗುಡ್ಡದ ಪ್ರವಾಸೋದ್ಯಮ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಯೋಜನೆ ಮಂಜೂರು ಮಾಡಿದೆ. ಆದರೆ ಬೇಡಿಕೆ ಹೆಚ್ಚು, ರೂಮು ಕಡಿಮೆ ಎಂಬ ಪರಿಸ್ಥಿತಿ ಎಲ್ಲಿದೆಯೋ ಅಲ್ಲಿ ವಂಚಕರಿಗೆ ಸುಗ್ಗಿ.

ಇದು ನಮ್ಮ ಭಾಗದ ಸಮಸ್ಯೆ ಮಾತ್ರವಲ್ಲ. ಚಾರ್‌ಧಾಮ್ ಯಾತ್ರಿಕರ ಗೆಸ್ಟ್ ಹೌಸ್ ಬುಕಿಂಗ್, ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಹೆಸರಲ್ಲಿ ನಕಲಿ ವೆಬ್‌ಸೈಟುಗಳು ಹಣ ದೋಚುತ್ತಿವೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು.

ನಂಬಿಕೆ 1: "ಗೂಗಲ್‌ನಲ್ಲಿ ಮೊದಲು ಬಂದ ನಂಬರ್ ಅಸಲಿ"

ಸುಳ್ಳು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಪ್ರಾಯೋಜಿತ" ಎಂದಿರುತ್ತದೆ. ಮ್ಯಾಪ್‌ನಲ್ಲಿ ಕಾಣುವ ಫೋನ್ ನಂಬರನ್ನು ಬದಲಿಸುವಂತೆ ಯಾರು ಬೇಕಾದರೂ ಸಲಹೆ ಕಳಿಸಬಹುದು. ಹೀಗಾಗಿ ಫೋಟೋ ಅಸಲಿ ಯಾತ್ರಿ ನಿವಾಸದ್ದಾಗಿದ್ದು, ನಂಬರ್ ಮಾತ್ರ ವಂಚಕನದ್ದಾಗಿರುವ ಸಾಧ್ಯತೆ ಇದೆ.

ಏನು ಮಾಡಬೇಕು? ವೆಬ್‌ಸೈಟಿನ ವಿಳಾಸ "ಡಾಟ್ ಜಿಒವಿ ಡಾಟ್ ಇನ್" ಎಂದು ಕೊನೆಯಾಗಿದ್ದರೆ ಅದು ಸರ್ಕಾರದ್ದು, ಆ ವಿಳಾಸ ಖಾಸಗಿಯವರಿಗೆ ಸಿಗುವುದಿಲ್ಲ. ಖಾಸಗಿ ಲಾಡ್ಜ್ ಆಗಿದ್ದರೆ ಎರಡು ಬೇರೆ ಬೇರೆ ಕಡೆಯಿಂದ ನಂಬರ್ ತೆಗೆದು ತಾಳೆ ನೋಡಿ. ಸವದತ್ತಿಯಲ್ಲಿ ಬೀಗರೋ ಪರಿಚಯದವರೋ ಇದ್ದರೆ ಒಂದು ಫೋನ್ ಮಾಡಿ. ಐದು ನಿಮಿಷದ ಕೆಲಸ, ಆದರೆ ಯಾವ ಆ್ಯಪ್‌ಗಿಂತಲೂ ಇದು ಗಟ್ಟಿ. ಹಣ ಕಳಿಸುವಾಗ ಪರದೆಯ ಮೇಲೆ ಬರುವ ಹೆಸರನ್ನೂ ಓದಿ. ದೇವಸ್ಥಾನದ ರೂಮಿನ ಬಾಡಿಗೆ ಯಾರದೋ ವೈಯಕ್ತಿಕ ಖಾತೆಗೆ ಹೋಗುತ್ತಿದೆ ಎಂದರೆ ಅಲ್ಲೇ ನಿಲ್ಲಿಸಿ.

ನಂಬಿಕೆ 2: "ಬೀಗದ ಚಿಹ್ನೆ ಇದ್ದರೆ ವೆಬ್‌ಸೈಟ್ ಸುರಕ್ಷಿತ"

ಅರ್ಧ ಸತ್ಯ. ನಿಮ್ಮ ಫೋನಿಗೂ ಆ ವೆಬ್‌ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಆ ಕಡೆ ಕೂತವನು ಸಾಚಾನೋ ಕಳ್ಳನೋ ಎಂಬುದನ್ನು ಅದು ಹೇಳುವುದಿಲ್ಲ. ಈ ಪ್ರಮಾಣಪತ್ರ ಉಚಿತವಾಗಿಯೂ ಸಿಗುತ್ತದೆ, ವಂಚಕರಿಗೂ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿಹ್ನೆಯನ್ನು ಬದಲಿಸಿತು.

ನಂಬಿಕೆ 3: "ರೀಫಂಡ್ ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕು"

ಪೂರ್ತಿ ಸುಳ್ಳು. "ರೂಮ್ ಕ್ಯಾನ್ಸಲ್ ಆಗಿದೆ, ಹಣ ವಾಪಸ್ ಕಳಿಸ್ತೀವಿ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಯುಪಿಐ ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹಣ ಹೋಗಲು ಅಥವಾ ಬ್ಯಾಲೆನ್ಸ್ ನೋಡಲು. ಹಣ ಬರಲು ಪಿನ್ ಬೇಕಿಲ್ಲ.

ನಂಬಿಕೆ 4: "ಲಾಡ್ಜಿನಲ್ಲಿ ಆಧಾರ್ ಕೊಡಲೇಬಾರದು"

ಇದು ಅತಿರೇಕ. ಲಾಡ್ಜಿನವರು ಗುರುತಿನ ಚೀಟಿ ಕೇಳುವುದು ತಪ್ಪಲ್ಲ. ವೋಟರ್ ಕಾರ್ಡ್ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಬಹುದು. ಆಧಾರ್ ಕೊಡುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ "ಮಾಸ್ಕ್ಡ್ ಆಧಾರ್" ಒಳ್ಳೆಯದು, ಅದನ್ನು ಯುಐಡಿಎಐ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಜೆರಾಕ್ಸ್ ಪ್ರತಿ ಯಾರಿಗೂ ಕೊಡಬೇಡಿ ಎಂಬ ಮೆಸೇಜಿನ ಹಿಂದೆ ಒಂದು ಕತೆ ಇದೆ. 2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಕಚೇರಿ ಅಂಥ ಪ್ರಕಟಣೆ ಹೊರಡಿಸಿದ್ದು ನಿಜ. ಎರಡೇ ದಿನಕ್ಕೆ ಸರ್ಕಾರ ಅದನ್ನು ವಾಪಸ್ ಪಡೆಯಿತು. ವಾಪಸ್ ಪಡೆದ ಸುದ್ದಿಗಿಂತ ಮೊದಲ ಪ್ರಕಟಣೆಯೇ ಹೆಚ್ಚು ಹರಿದಾಡಿತು.

ನಂಬಿಕೆ 5: "ಕನ್ನಡಿಗೆ ಬೆರಳಿಡಿ, ಸಂದು ಕಾಣದಿದ್ದರೆ ಆಚೆ ಯಾರೋ ನೋಡುತ್ತಿದ್ದಾರೆ"

ಈ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಬೆರಳಿಗೂ ಪ್ರತಿಬಿಂಬಕ್ಕೂ ನಡುವೆ ಸಂದು ಕಾಣುವುದು ಕನ್ನಡಿಯ ಲೇಪ ಗಾಜಿನ ಹಿಂದಿದೆಯೋ ಮುಂದಿದೆಯೋ ಎಂಬುದರ ಮೇಲೆ. ಆಚೆಯಿಂದ ಕಾಣುವ ಕನ್ನಡಿಯ ರಹಸ್ಯ ಬೆಳಕಿನದು: ನಮ್ಮ ಕಡೆ ಬೆಳಕು, ಆ ಕಡೆ ಕತ್ತಲು ಇರಬೇಕು. ಅನುಮಾನ ಬಂದರೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕನ್ನಡಿಗೆ ಒತ್ತಿಹಿಡಿದು, ಕಣ್ಣಿನ ಸುತ್ತ ಕೈ ಮರೆಮಾಡಿ ನೋಡಿ. ಹಿಂದೆ ಜಾಗವಿದ್ದರೆ ಕಾಣಿಸುವ ಸಾಧ್ಯತೆ ಹೆಚ್ಚು. "ಕ್ಯಾಮೆರಾ ಇದ್ದರೆ ಫೋನ್ ಕಾಲ್ ಹೋಗುವುದಿಲ್ಲ" ಎಂಬುದೂ ಸುಳ್ಳು. ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡುವ ಕ್ಯಾಮೆರಾ ಯಾವ ಸಿಗ್ನಲ್ಲನ್ನೂ ತಡೆಯುವುದಿಲ್ಲ. ಏನಾದರೂ ಸಿಕ್ಕರೆ ಮುಟ್ಟದೆ 112ಕ್ಕೆ ಕರೆ ಮಾಡಿ. ಮಹಿಳೆಯರನ್ನು ಹೀಗೆ ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರಡಿ ಅಪರಾಧ.

ನಂಬಿಕೆ 6: "ಗ್ಯಾಸ್ ಸೋರಿದರೆ ವಾಸನೆ ಬರುತ್ತೆ, ಹಾಗಾಗಿ ಗೀಸರ್‌ಗೆ ಹೆದರಬೇಕಿಲ್ಲ"

ಇಲ್ಲಿ ಸ್ವಲ್ಪ ನಿಂತು ಓದಿ. ಜೀವ ಹೋಗುವ ವಿಷಯ ಇದು.

ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಸೋರಿದರೆ ಗೊತ್ತಾಗುತ್ತದೆ. ಆದರೆ ಗಾಳಿ ಸಾಲದ ಕಡೆ ಅದು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಕದ ಒಳಗಿನಿಂದ ಹಾಕಿದ ಬಚ್ಚಲಲ್ಲಿ ಇದಾದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬರುವುದು ಚಳಿಯ ದಿನಗಳಲ್ಲೇ. ಬಿಸಿನೀರು ಬೇಕೇ ಬೇಕು. ಆದ್ದರಿಂದ ರೂಮ್ ನೋಡುವಾಗ ಟಿವಿಗಿಂತ ಮೊದಲು ಬಚ್ಚಲು ನೋಡಿ. ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇದ್ದು, ಕಿಟಕಿ ಅಥವಾ ಗಾಳಿಕಿಂಡಿ ಮುಚ್ಚಿದ್ದರೆ ಆ ರೂಮ್ ಬೇಡ ಎನ್ನಿ. ಬೇರೆ ರೂಮ್ ಸಿಗದಿದ್ದರೆ ಹೊರಗಿನಿಂದ ಬಿಸಿನೀರಿನ ಬಕೆಟ್ ತರಿಸಿಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗಬೇಡಿ, ಎಂಜಿನ್ ಚಾಲೂ ಇಟ್ಟು ಗಾಡಿಯೊಳಗೂ ಮಲಗಬೇಡಿ. "ಒಂದು ಬಕೆಟ್ ನೀರಿಟ್ಟರೆ ವಿಷಗಾಳಿ ಹೀರುತ್ತೆ" ಎಂದು ಕೆಲವರು ನಂಬುತ್ತಾರೆ. ಈ ಅನಿಲ ನೀರಿನಲ್ಲಿ ಕರಗುವುದೇ ಅತ್ಯಲ್ಪ, ಬಕೆಟ್ ನೀರಿನಿಂದ ಪ್ರಯೋಜನವಿಲ್ಲ. ಯಾರಾದರೂ ಕುಸಿದರೆ ಮೊದಲು ಬಯಲಿಗೆ ತನ್ನಿ, ಆಮೇಲೆ 108ಕ್ಕೆ ಕರೆ ಮಾಡಿ.

ಹಾಗಾದರೆ ಎಲ್ಲಿ ಉಳಿಯಬೇಕು?

"ದೇವಸ್ಥಾನದ ಹತ್ತಿರ" ಎಂಬ ಜಾಹೀರಾತು ನೋಡಿದರೆ ಗುಡ್ಡದ ಮೇಲೋ, ಸವದತ್ತಿ ಊರಲ್ಲೋ ಎಂದು ಕೇಳಿ. ಎರಡರ ನಡುವೆ ಸುಮಾರು 5 ಕಿ.ಮೀ. ದೂರವಿದೆ. ವಯಸ್ಸಾದವರು ಜೊತೆಗಿದ್ದು, ನಸುಕಿನಲ್ಲೇ ದರ್ಶನ ಮಾಡುವುದಿದ್ದರೆ ಗುಡ್ಡವೇ ಅನುಕೂಲ. ಅಂಗಡಿ, ಆಸ್ಪತ್ರೆ, ಬಸ್ಸು ಬೇಕೆಂದರೆ ಊರು ಒಳ್ಳೆಯದು. ರೈಲಿಗೆ ಬರುವವರು ಧಾರವಾಡದಲ್ಲಿ ಇಳಿಯಬೇಕು, ಅಲ್ಲಿಂದ ಸವದತ್ತಿಗೆ ಸುಮಾರು 40 ಕಿ.ಮೀ. ಜಾತ್ರೆಯ ದಿನ ಗುಡ್ಡದಲ್ಲಿ ರೂಮ್ ಸಿಗದಿದ್ದರೆ ಧಾರವಾಡದಲ್ಲಿ ಉಳಿದು ಬೆಳಿಗ್ಗೆ ಬರುವುದು ಜಾಣತನ.

ಕಿತ್ತೂರು ಉತ್ಸವ ಪ್ರತಿ ವರ್ಷ ಅಕ್ಟೋಬರ್ 23ರಿಂದ 25ರವರೆಗೆ ನಡೆಯುತ್ತದೆ. ಆ ಮೂರು ದಿನ ಸಣ್ಣ ಊರಿನಲ್ಲಿ ಜಾಗ ಸಿಗುವುದು ಕಷ್ಟ. ಹೆದ್ದಾರಿ ಪಕ್ಕದಲ್ಲೇ ಇರುವುದರಿಂದ ಧಾರವಾಡ ಅಥವಾ ಬೆಳಗಾವಿಯಲ್ಲಿ ಉಳಿದು ಓಡಾಡಬಹುದು. ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲ, ಸೊಗಲ ಜಲಪಾತವನ್ನೂ ಅದೇ ಪ್ರವಾಸದಲ್ಲಿ ನೋಡಬಹುದು. ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರ, ಸುರೇಬಾನ ಬಳಿಯ ಶಬರಿಕೊಳ್ಳಕ್ಕೆ ಹೋಗುವವರು ಹಗಲಲ್ಲೇ ನೋಡಿ, ರಾತ್ರಿಗೆ ತಾಲ್ಲೂಕು ಕೇಂದ್ರಕ್ಕೆ ಮರಳುವುದು ಒಳ್ಳೆಯದು.

ಮೋಸ ಹೋಗಿದ್ದರೆ ಏನು ಮಾಡಬೇಕು?

ನಾಚಿಕೆ ಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ವಂಚಕ ಹಣವನ್ನು ಬೇರೆ ಖಾತೆಗೆ ದಾಟಿಸುವ ಮೊದಲೇ ದೂರು ಹೋದರೆ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ನೀವೇ ಪಿನ್ ಹಾಕಿ ಕಳಿಸಿದ ಹಣವನ್ನು ಬ್ಯಾಂಕ್ ತಾನಾಗಿ ಮರಳಿಸುವುದಿಲ್ಲ, ಹಾಗಾಗಿ ಪ್ರತಿ ನಿಮಿಷವೂ ಮುಖ್ಯ. ಸ್ಕ್ರೀನ್‌ಶಾಟ್, ವಹಿವಾಟಿನ ಸಂಖ್ಯೆ, ಆ ನಂಬರ್ ಎಲ್ಲವನ್ನೂ ಇಟ್ಟುಕೊಳ್ಳಿ.

ನಮ್ಮ ತೀರ್ಮಾನ

ನಂಬರ್ ಕಳಿಸಿದ ಚಿಕ್ಕಪ್ಪನೋ ಅತ್ತಿಗೆಯೋ ಕೆಟ್ಟವರಲ್ಲ, ಅವರಿಗೂ ಅದು ಬೇರೆ ಗ್ರೂಪಿನಿಂದ ಬಂದದ್ದು. ಹೀಗಾಗಿ ಕಳಿಸಿದವರು ಪರಿಚಯದವರು ಎಂಬ ಒಂದೇ ಕಾರಣಕ್ಕೆ ನಂಬರನ್ನು ನಂಬಬೇಡಿ. "ನೀವು ಅಲ್ಲಿ ಉಳಿದಿದ್ರಾ?" ಎಂದು ಒಂದು ಮಾತು ಕೇಳಿ. ಇಲ್ಲ ಎಂಬ ಉತ್ತರ ಬಂದರೆ ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ. ಏನಾದರೂ ಕಳಿಸಲೇಬೇಕೆಂದರೆ ಗೀಸರಿನ ಮಾತನ್ನು ಕಳಿಸಿ.